ನಕ್ಷೆ ಕನ್ನಡದಲ್ಲಿ ಬರಲಿ, ಆಮೇಲೆ ಅಭಿಪ್ರಾಯ ಕೇಳಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಪಶ್ಚಿಮ ಘಟ್ಟದಲ್ಲಿ ಗಣಿಗಾರಿಕೆ, ದೊಡ್ಡ ಕಟ್ಟಡ ಮುಂತಾದವನ್ನು ನಿಷೇಧಿಸುವ ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸಲು ಕೇಂದ್ರ ಪರಿಸರ ಸಚಿವಾಲಯವು 2014ರ ಮಾರ್ಚ್‌ನಿಂದ 2024ರ ಜುಲೈವರೆಗೆ ಆರು ಸಲ ಕರಡು ಅಧಿಸೂಚನೆ ಹೊರಡಿಸಿದೆ. ಕರಡು ಬಂದಾಗಲೆಲ್ಲ ಅರವತ್ತು ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕೆಂಬ ಸೂಚನೆ ಬರುತ್ತದೆ, ಮಲೆನಾಡಿನಲ್ಲಿ ಕೆಲವು ವಾರ ಪ್ರತಿಭಟನೆ ನಡೆಯುತ್ತದೆ, ಯಾವ ಪಕ್ಷದ ಸರ್ಕಾರವಿದ್ದರೂ ರಾಜ್ಯ ಬೇಡವೆಂದು ಬರೆದು ಕಳಿಸುತ್ತದೆ, ಕರಡಿನ ಅವಧಿ ಮುಗಿಯುತ್ತದೆ, ಮತ್ತೆ ಹೊಸ ಕರಡು ಬರುತ್ತದೆ. 2024ರ ಸೆಪ್ಟೆಂಬರಿನಲ್ಲಿ ನಮ್ಮ ಸಚಿವ ಸಂಪುಟ ಈ ಕರಡುಗಳಿಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ಮತ್ತೊಮ್ಮೆ ತಿರಸ್ಕರಿಸಿತು. ಕರಡಿನ ಪಟ್ಟಿಯಲ್ಲಿ ನಮ್ಮ ರಾಜ್ಯದ 10 ಜಿಲ್ಲೆಗಳ 1,576 ಗ್ರಾಮಗಳಿವೆ. ಆ ಗ್ರಾಮಗಳ ಜನರಿಗೆ ವಿಷಯವನ್ನು ಬಿಡಿಸಿ ಹೇಳಿ, ಅವರ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಅನಂತರ ಅಭಿಪ್ರಾಯ ಪಡೆಯುವ ಕೆಲಸ ಈ ಹತ್ತು ವರ್ಷಗಳಲ್ಲಿ ನಡೆದಿಲ್ಲ. ವರದಿ ಜಾರಿಯಾಗಬೇಕೇ ಬೇಡವೇ ಎಂಬ ಪ್ರಶ್ನೆಗಿಂತ ಮೊದಲು ಇತ್ಯರ್ಥವಾಗಬೇಕಾದ ಈ ಲೋಪದ ಕುರಿತು ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ, ದಯವಿಟ್ಟು ಅವಕಾಶ ಕೊಡಬೇಕು.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. 2010ರಲ್ಲಿ ಮಾಧವ ಗಾಡ್ಗೀಳ್ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ತಜ್ಞರ ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಇಡೀ ಘಟ್ಟಪ್ರದೇಶವನ್ನು ಸೂಕ್ಷ್ಮವೆಂದು ಪರಿಗಣಿಸಿ, ಮೂರು ಹಂತದ ವಲಯಗಳನ್ನು ಮಾಡಿ, ಯಾವ ಊರು ಯಾವ ವಲಯಕ್ಕೆ ಸೇರಬೇಕು, ಅಲ್ಲಿ ಏನು ನಡೆಯಬಹುದು ಎಂಬುದನ್ನು ಗ್ರಾಮಸಭೆಗಳ ಮಟ್ಟದಿಂದ ಚರ್ಚಿಸುತ್ತ ಬರಬೇಕೆಂಬುದು ಅದರ ತಿರುಳಾಗಿತ್ತು. ಜನರೇ ಚರ್ಚಿಸಲಿ ಎಂದ ಆ ವರದಿಯನ್ನು ಸಚಿವಾಲಯ ತಿಂಗಳುಗಟ್ಟಲೆ ಹೊರಗೆ ಬಿಡಲಿಲ್ಲ. ಮಾಹಿತಿ ಹಕ್ಕಿನಡಿ ಅರ್ಜಿ ಹೋಗಿ, ಕೇಂದ್ರ ಮಾಹಿತಿ ಆಯೋಗ ಆದೇಶಿಸಿ, ದೆಹಲಿ ಹೈಕೋರ್ಟ್ ಸಚಿವಾಲಯದ ತಕರಾರನ್ನು ತಳ್ಳಿಹಾಕಿದ ಮೇಲೆ 2012ರ ಮೇ ತಿಂಗಳಲ್ಲಿ ಅದು ಬೆಳಕಿಗೆ ಬಂತು. ಅಷ್ಟರಲ್ಲಿ ವರದಿಯಲ್ಲಿ ಇಲ್ಲದ ಸಂಗತಿಗಳೆಲ್ಲ ಅದರಲ್ಲಿವೆಯೆಂದು ಊರೂರುಗಳಲ್ಲಿ ಹಬ್ಬಿದ್ದವು. ಬಳಿಕ ಕೆ. ಕಸ್ತೂರಿರಂಗನ್ ನೇತೃತ್ವದ ಕಾರ್ಯತಂಡ 2013ರ ಏಪ್ರಿಲ್‌ನಲ್ಲಿ ವರದಿ ಸಲ್ಲಿಸಿ, ಘಟ್ಟದ ಶೇ 37ರಷ್ಟು, ಅಂದರೆ ಸುಮಾರು 60 ಸಾವಿರ ಚದರ ಕಿಲೋಮೀಟರ್ ಪ್ರದೇಶವನ್ನು ಮಾತ್ರ ಸೂಕ್ಷ್ಮವೆಂದು ಗುರುತಿಸಿತು. ಈಗಿನ ಕರಡಿನಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಆರು ರಾಜ್ಯಗಳ ಪೈಕಿ ಅತಿ ದೊಡ್ಡ ಪಾಲು ನಮ್ಮದೇ.

ಗುರುತಿಸಿದ ಕ್ರಮದಲ್ಲಿಯೇ ಒಂದು ತೊಡಕಿದೆ. ಉಪಗ್ರಹ ಚಿತ್ರಗಳನ್ನು ಆಧರಿಸಿ ನೈಸರ್ಗಿಕ ಭೂದೃಶ್ಯ ಯಾವುದು, ಜನವಸತಿ ಮತ್ತು ತೋಟಗದ್ದೆಗಳ ಭೂದೃಶ್ಯ ಯಾವುದು ಎಂದು ಬೇರ್ಪಡಿಸಿ, ಒಂದು ಗ್ರಾಮದ ವಿಸ್ತೀರ್ಣದಲ್ಲಿ ಶೇ 20 ಅಥವಾ ಅದಕ್ಕಿಂತ ಹೆಚ್ಚು ಭಾಗ ಸೂಕ್ಷ್ಮವೆಂದು ಕಂಡರೆ ಇಡೀ ಗ್ರಾಮವನ್ನು ಪಟ್ಟಿಗೆ ಸೇರಿಸಲಾಯಿತು. ಹೀಗಾಗಿ ಗ್ರಾಮದ ಒಂದು ಮಗ್ಗುಲಿನ ಗುಡ್ಡದ ಮೇಲೆ ದಟ್ಟ ಕಾಡಿದ್ದು ಇನ್ನೊಂದು ಮಗ್ಗುಲಿನಲ್ಲಿ ಶಾಲೆ, ಅಂಗಡಿ ಸಾಲು, ಅಡಿಕೆ ತೋಟಗಳಿದ್ದರೂ ಎಲ್ಲಕ್ಕೂ ಒಂದೇ ಹೆಸರು ಬಂತು. ಮಲೆನಾಡಿನ ಕಂದಾಯ ಗ್ರಾಮಗಳಲ್ಲಿ ಮನೆಗಳು ಚದುರಿಕೊಂಡಿರುತ್ತವೆ, ಒಂದು ಮಜರೆಯಿಂದ (ಗ್ರಾಮದೊಳಗಿನ ಸಣ್ಣ ವಸತಿ) ಇನ್ನೊಂದಕ್ಕೆ ಎರಡು ಮೂರು ಕಿಲೋಮೀಟರ್ ಅಂತರವಿರುತ್ತದೆ. ಗ್ರಾಮವನ್ನು ಒಂದು ಘಟಕವೆಂದು ಹಿಡಿಯುವುದು ಕಡತಕ್ಕೆ ಅನುಕೂಲವಿರಬಹುದು, ನೆಲದ ಮೇಲೆ ಅದು ಹೊಂದುವುದಿಲ್ಲ. ಸರ್ವೆ ನಂಬರಿನ ಮಟ್ಟದಲ್ಲಿ ಗಡಿ ಗುರುತಿಸಬೇಕಿತ್ತೆಂದು ನನಗನ್ನಿಸುತ್ತದೆ. ಹಾಗೆ ಗುರುತಿಸಲು ಊರಿನವರ ನೆರವಿಲ್ಲದೆ ಸಾಧ್ಯವೂ ಇಲ್ಲ.

ಇನ್ನು ಕರಡು ಏನು ಹೇಳುತ್ತದೆ? ಗಣಿಗಾರಿಕೆ, ಕಲ್ಲು ಕ್ವಾರಿ ಮತ್ತು ಮರಳುಗಾರಿಕೆಗೆ ಪೂರ್ಣ ನಿಷೇಧ, ಈಗಿರುವ ಗಣಿಗಳಿಗೆ ಗುತ್ತಿಗೆ ಮುಗಿದಾಗ ಅಥವಾ ಐದು ವರ್ಷದೊಳಗೆ, ಯಾವುದು ಮೊದಲೋ ಆಗ ಮುಕ್ತಾಯ, ಹೊಸ ಉಷ್ಣ ವಿದ್ಯುತ್ ಸ್ಥಾವರ ಹಾಗೂ ಹೆಚ್ಚು ಮಾಲಿನ್ಯ ಮಾಡುವ ಕೆಂಪು ವರ್ಗದ ಹೊಸ ಕೈಗಾರಿಕೆ ಬೇಡ, 20 ಸಾವಿರ ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಗಳು ಬೇಡ, 50 ಹೆಕ್ಟೇರ್ ಮತ್ತು ಅದಕ್ಕೂ ದೊಡ್ಡ ಟೌನ್‌ಶಿಪ್ ಬೇಡ. ಈಗಿರುವ ವಾಸದ ಮನೆಗಳ ದುರಸ್ತಿಗೆ, ವಿಸ್ತರಣೆಗೆ ಅಡ್ಡಿಯಿಲ್ಲವೆಂದೂ ಅದರಲ್ಲಿದೆ. ಈ ನಿಷೇಧಗಳಲ್ಲಿ ಬಹುಪಾಲನ್ನು ನಾನು ಒಪ್ಪುತ್ತೇನೆ, ಘಟ್ಟದ ನೆತ್ತಿಯಲ್ಲಿ ಕ್ವಾರಿಗೆ ಅನುಮತಿ ಕೊಡುವುದನ್ನು ಯಾವ ಕಾರಣಕ್ಕೂ ಸಮರ್ಥಿಸಲಾರೆ. ಆದರೆ ನಮ್ಮ ಊರುಗಳಲ್ಲಿ ಜನರ ಬಾಯಲ್ಲಿರುವುದು ಬೇರೆಯೇ: ಹೆಂಚು ಬದಲಿಸಲು ಅರಣ್ಯ ಇಲಾಖೆಯ ಪರವಾನಗಿ ಬೇಕು, ತೋಟಕ್ಕೆ ಗೊಬ್ಬರ ಹಾಕುವಂತಿಲ್ಲ, ಜಮೀನು ಮಾರುವಂತಿಲ್ಲ, ರಾತ್ರಿ ದೀಪ ಹಾಕುವಂತಿಲ್ಲ. ಜನ ದಡ್ಡರೆಂದು ಇದನ್ನು ತಳ್ಳಿಹಾಕುವವರು ತಪ್ಪು ಮಾಡುತ್ತಾರೆ. ಕೇಂದ್ರದ ರಾಜಪತ್ರ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಪ್ರಕಟವಾಗುತ್ತದೆ, ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ನವದೆಹಲಿಯ ವಿಳಾಸಕ್ಕೆ ಅಥವಾ ಇ-ಮೇಲ್‌ಗೆ ಕಳಿಸಬೇಕು. ಮೂಲ ಪಠ್ಯ ಕೈಗೆ ಸಿಗದವನು ಯಾರೋ ಹೇಳಿದ್ದನ್ನು ನಂಬದೆ ಬೇರೇನು ಮಾಡಬೇಕು?

ಅರವತ್ತು ದಿನಗಳು ಯಾವ ದಿನಗಳೆಂಬುದನ್ನೂ ಗಮನಿಸಬೇಕು. 2022ರ ಕರಡು ಜುಲೈ 6ರಂದು, 2024ರ ಕರಡು ಜುಲೈ 31ರಂದು ಹೊರಬಿದ್ದವು. ಎರಡೂ ಅವಧಿಗಳು ಮಲೆನಾಡಿನ ಜೋರು ಮಳೆಗಾಲದಲ್ಲಿಯೇ ಕಳೆದವು. ಆ ಹೊತ್ತಿನಲ್ಲಿ ಗದ್ದೆಯಲ್ಲಿ ನಾಟಿ, ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಲು ಬಿಸಿಲು ಕಾಯುವ ಗಡಿಬಿಡಿ, ವಾರಗಟ್ಟಲೆ ಕರೆಂಟಿಲ್ಲ, ಮೊಬೈಲ್ ಟವರ್ ಬಂದ್, ಹಳ್ಳ ತುಂಬಿ ಸಂಕ ದಾಟುವ ಹಾಗಿಲ್ಲ. ಸಭೆಗೆ ಬನ್ನಿ ಎಂದರೆ ಬರುವವರು ಪೇಟೆಯ ಸಮೀಪದ ನಾಲ್ಕು ಮಂದಿ.

2024ರ ಮಳೆಗಾಲದಲ್ಲಿ ನಮ್ಮ ಭಾಗದ ಒಂದು ಪಂಚಾಯಿತಿಯ ಗ್ರಾಮಸಭೆಯಲ್ಲಿ ನಾನೂ ಕುಳಿತಿದ್ದೆ. ವಿಷಯಪಟ್ಟಿಯಲ್ಲಿ ನರೇಗಾ ಕ್ರಿಯಾಯೋಜನೆ ಮತ್ತು ಕುಡಿಯುವ ನೀರಿನ ಬಾಕಿಯ ನಡುವೆ ಪರಿಸರ ಸೂಕ್ಷ್ಮ ಪ್ರದೇಶದ ವಿಷಯವಿತ್ತು. ವಿರೋಧ ವ್ಯಕ್ತಪಡಿಸುವ ಠರಾವನ್ನು ಮೊದಲೇ ಟೈಪ್ ಮಾಡಿ ತರಲಾಗಿತ್ತು. ಅದನ್ನು ಓದಿ ಮುಗಿಸಿದ ಕೂಡಲೇ ಸಹಿ ಪುಸ್ತಕ ಹಿಂದಿನ ಸಾಲಿನ ತನಕ ಹೋಗತೊಡಗಿತು. ಆಗ ಒಬ್ಬ ಹಿರಿಯ ಮಹಿಳೆ ಎದ್ದು ನಿಂತು, “ಸಾಹೇಬ್ರೆ, ನಮ್ಮ ಸೊಪ್ಪಿನಬೆಟ್ಟ ಇದ್ರಲ್ಲಿ ಬರ್ತದಾ? ಬೆಟ್ಟದ ಬುಡಕ್ಕೆ ಹಾಕಿದ ಅಗಳ ಮುಚ್ಚಿಹೋಗಿದೆ, ತೆಗೆಸಬಹುದಾ?” ಎಂದು ಕೇಳಿದರು. ಅಗಳವೆಂದರೆ ಬೆಟ್ಟದ ಅಂಚಿಗೆ ತೋಡಿದ ಕಂದಕ. ಪಿಡಿಒ ಪ್ರಾಮಾಣಿಕ ಮನುಷ್ಯ. “ನಮಗೆ ಬಂದದ್ದು ಊರಿನ ಹೆಸರಿನ ಪಟ್ಟಿ ಅಷ್ಟೇ ಅಮ್ಮಾ, ನಕ್ಷೆ ಬಂದಿಲ್ಲ” ಎಂದರು. ಆಕೆ ಕುಳಿತರು, ಪುಸ್ತಕ ಬಂದಾಗ ಅವರೂ ಸಹಿ ಹಾಕಿದರು. ಆ ಸಹಿಯನ್ನು ವರದಿಗೆ ವಿರೋಧವೆಂದು ಲೆಕ್ಕಕ್ಕೆ ಹಿಡಿಯಲಾಗಿದೆ. ಅವರು ಕೇಳಿದ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗಲಿಲ್ಲ.

ಆ ಪ್ರಶ್ನೆ ಸಣ್ಣದಲ್ಲ. ಉತ್ತರ ಕನ್ನಡ ಮತ್ತು ಶಿವಮೊಗ್ಗದ ಸೊಪ್ಪಿನಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ, ಇವೆಲ್ಲ ಸಾಗುವಳಿ ಭೂಮಿಗೆ ಆಸರೆಯಾಗಿ ತಲೆಮಾರುಗಳಿಂದ ಬಳಕೆಯಲ್ಲಿರುವ ನೆಲ. ಹಕ್ಕು ಪೂರ್ಣವಾಗಿ ರೈತನದ್ದೂ ಅಲ್ಲ, ಕಾಡು ಎಂದು ಕೈಬಿಟ್ಟದ್ದೂ ಅಲ್ಲ. ಸೊಪ್ಪು, ದರಕು (ಒಣ ಎಲೆ), ಗೊಬ್ಬರ, ನೀರಿನ ಒರತೆ ಎಲ್ಲವೂ ಅಲ್ಲಿಂದಲೇ ಬರಬೇಕು. ಉಪಗ್ರಹದ ಚಿತ್ರದಲ್ಲಿ ಇದು ಕಾಡಿನಂತೆಯೇ ಕಾಣುತ್ತದೆ. ಇದರ ಜತೆಗೆ ಬಗರ್‌ಹುಕುಂ (ಸರ್ಕಾರಿ ಜಮೀನಿನಲ್ಲಿನ ಸಾಗುವಳಿಯನ್ನು ಸಕ್ರಮಗೊಳಿಸುವ) ಅರ್ಜಿಗಳು ತಾಲ್ಲೂಕು ಕಚೇರಿಗಳಲ್ಲಿ ವರ್ಷಾನುಗಟ್ಟಲೆ ಕಾಯುತ್ತಿವೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ಒದಗಿಸಬೇಕು. ಕಾಗದಪತ್ರವಿಲ್ಲದ ಕುಟುಂಬಗಳ ಅರ್ಜಿಗಳು ಅದೇ ಕಾರಣಕ್ಕೆ ರಾಶಿ ರಾಶಿಯಾಗಿ ತಿರಸ್ಕೃತವಾಗಿವೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆಮಾರು ಬಿಟ್ಟು ಎದ್ದು ಬಂದವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ನಾಡಿಗೆ ಬೆಳಕು ಕೊಟ್ಟವರ ಪಾಡೇ ಹೀಗಿರುವಾಗ, ‘ನಿಮ್ಮ ಬದುಕಿಗೆ ಯಾವ ತೊಂದರೆಯೂ ಆಗುವುದಿಲ್ಲ’ ಎಂದು ದೆಹಲಿಯಿಂದಲೋ ಬೆಂಗಳೂರಿನಿಂದಲೋ ಬಂದ ಮಾತನ್ನು ಮಲೆನಾಡಿನವರು ನಂಬಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಪರಿಸರದ ಮೇಲಿನ ಚರ್ಚೆಯನ್ನು ಭೂಮಿಯ ಹಕ್ಕಿನ ಚರ್ಚೆಯಿಂದ ಬೇರ್ಪಡಿಸಿ ನಡೆಸುವವರೆಗೂ ಅದು ಕೂಗಾಟದಲ್ಲಿಯೇ ಮುಗಿಯುತ್ತದೆ. ಹಕ್ಕುಪತ್ರ ಕೈಯಲ್ಲಿರುವವನಿಗೆ ಕಾಡಿನ ಮಾತು ಕೇಳುವ ವ್ಯವಧಾನವಿರುತ್ತದೆ, ಇಲ್ಲದವನಿಗೆ ಪ್ರತಿಯೊಂದು ಅಧಿಸೂಚನೆಯೂ ಒಕ್ಕಲೆಬ್ಬಿಸುವ ನೋಟಿಸಿನಂತೆ ಕಾಣುತ್ತದೆ.

ಹಾಗೆಂದು ಏನೂ ಮಾಡದೆ ಕೂರುವಷ್ಟು ಸಮಯ ನಮಗಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆಗಳಲ್ಲಿ ಗುಡ್ಡಗಳು ಕಾಫಿ ತೋಟಗಳ ಸಮೇತ ಜಾರಿದವು. ಮಾರನೆಯ ವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಹಾಗೆಯೇ ಆಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ರಸ್ತೆ ಬದಿಯ ಚಹಾ ಅಂಗಡಿಯನ್ನೂ ಅಲ್ಲಿದ್ದ ಮನುಷ್ಯರನ್ನೂ ಲಾರಿಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ನದಿ ಉಕ್ಕಿ ಎದುರು ದಡದ ಉಳುವರೆಯ ಮನೆಗಳೂ ಹೋದವು. ಎರಡು ವಾರದ ಬಳಿಕ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳು ಮಣ್ಣಿನಡಿ ಸೇರಿದವು. ಆರನೆಯ ಕರಡು ಹೊರಬಿದ್ದದ್ದು ಅದರ ಮರುದಿನ. ಮಣ್ಣಿನಿಂದ ಹೆಣಗಳನ್ನು ಇನ್ನೂ ಹೊರತೆಗೆಯುತ್ತಿರುವಾಗಲೇ ಅರವತ್ತು ದಿನಗಳ ಎಣಿಕೆ ಆರಂಭವಾಯಿತು.

ಮಳೆ ಹೆಚ್ಚು ಬಿದ್ದದ್ದರಿಂದ ಕುಸಿಯಿತು ಎಂಬುದು ಅರ್ಧ ಉತ್ತರ. ಘಟ್ಟದ ಇಳಿಜಾರಿನಲ್ಲಿ ಗಟ್ಟಿ ಕಲ್ಲಿನ ಮೇಲೆ ಮೆತ್ತಗಿನ, ಶಿಥಿಲಗೊಂಡ ಮಣ್ಣಿನ ದಪ್ಪ ಪದರವಿರುತ್ತದೆ. ಬೇರುಗಳ ಹಿಡಿತವಿರುವಷ್ಟು ಕಾಲ, ನೀರು ತನ್ನ ಹಳೆಯ ದಾರಿಯಲ್ಲಿ ಹರಿಯುವಷ್ಟು ಕಾಲ ಅದು ನಿಂತಿರುತ್ತದೆ. ರಸ್ತೆಗೆಂದು ಗುಡ್ಡದ ಬುಡವನ್ನು ಲಂಬವಾಗಿ ಕಡಿದಾಗ, ಹೋಂಸ್ಟೇಗೆಂದು ಜೆಸಿಬಿಯಿಂದ ಇಳಿಜಾರನ್ನು ಸಮತಟ್ಟು ಮಾಡಿದಾಗ, ಕಿರುಹಳ್ಳವನ್ನು ಮುಚ್ಚಿ ಮನೆ ಕಟ್ಟಿದಾಗ, ನೀರು ಮಣ್ಣಿನೊಳಗೆ ಇಳಿದು ಕಲ್ಲಿನ ಮೇಲ್ಮೈಯಲ್ಲಿ ನಿಲ್ಲುತ್ತದೆ, ಮೇಲಿನ ಪದರ ಭಾರವಾಗಿ ಜಾರುತ್ತದೆ. ಕುಸಿಯುವ ಮೊದಲು ಗುಡ್ಡದಲ್ಲಿ ಬಿರುಕು ಕಾಣಿಸುತ್ತದೆ, ಮರಗಳು ವಾಲುತ್ತವೆ, ಒರತೆಯ ನೀರು ಕೆಂಪಾಗುತ್ತದೆ ಅಥವಾ ಹೊಸ ಜಾಗದಲ್ಲಿ ಚಿಮ್ಮುತ್ತದೆ. ಇವನ್ನು ಮೊದಲು ಕಾಣುವವರು ಅಲ್ಲಿಯೇ ವಾಸವಿರುವ ಜನ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಭೂಕುಸಿತದ ಸಾಧ್ಯತೆಯ ನಕ್ಷೆಗಳನ್ನು ಸಿದ್ಧಪಡಿಸಿದೆ. ಆ ನಕ್ಷೆಯನ್ನು ನಮ್ಮ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ನಾನು ನೋಡಿಲ್ಲ. ಕೃಷಿ ಇಲಾಖೆಯ ಪೋಸ್ಟರುಗಳಿಗೆ ಅಲ್ಲಿ ಜಾಗವಿದೆ, ಇದಕ್ಕೂ ಸಿಗಬೇಕು.

ಕಾನೂನು ಪ್ರಕಾರ ನಡೆಯುವ ಅಹವಾಲು ಸಭೆಗಳ ಸ್ಥಿತಿಯೂ ಚಿಂತೆಗೆ ಕಾರಣವಾಗಿದೆ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳ ಅಹವಾಲು ಸಭೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಏರ್ಪಡಿಸಬೇಕು, ಕನಿಷ್ಠ 30 ದಿನ ಮುಂಚಿತವಾಗಿ ಪತ್ರಿಕೆಯಲ್ಲಿ ಪ್ರಕಟಿಸಬೇಕು, ಯೋಜನೆಯ ಪರಿಸರ ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು, ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. ಇಷ್ಟು ಜನ ಬಂದಿರಬೇಕೆಂಬ ಕೋರಂ ಮಾತ್ರ ಇಲ್ಲ. ಸಾರಾಂಶ ಕನ್ನಡದಲ್ಲಿ ಕೆಲವೇ ಪುಟಗಳಿದ್ದು, ನೂರಾರು ಪುಟಗಳ ಮೂಲ ವರದಿ ಇಂಗ್ಲಿಷಿನಲ್ಲಿಯೇ ಉಳಿಯುತ್ತದೆ. ಸುರಂಗ ಎಲ್ಲಿ ಹಾಯುತ್ತದೆ, ಅಗೆದ ಮಣ್ಣನ್ನು ಎಲ್ಲಿ ಸುರಿಯುತ್ತಾರೆ, ಯಾವ ಬಾವಿ ಬತ್ತಬಹುದು ಎಂಬ ವಿವರಗಳೆಲ್ಲ ಆ ದಪ್ಪ ಸಂಪುಟದೊಳಗಿರುತ್ತವೆ. 2020ರಲ್ಲಿ ಈ ಪರಿಸರ ಪರಿಣಾಮ ಅಧಿಸೂಚನೆಯ ಹೊಸ ಕರಡು ಬಂದಾಗ 30 ದಿನಗಳ ಕಾಲಾವಕಾಶವನ್ನು 20ಕ್ಕೆ ಇಳಿಸುವ ಪ್ರಸ್ತಾವವಿತ್ತು. ಆ ಕರಡನ್ನೇ ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೆ ಅನುವಾದಿಸಿ ಪ್ರಕಟಿಸಿ ಎಂದು ದೆಹಲಿ ಹೈಕೋರ್ಟ್ ಆದೇಶಿಸಬೇಕಾಯಿತು. ಜನರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ ಎಂಬುದಕ್ಕೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದ ಸ್ಥಿತಿ ಇದು. 2025ರ ಸೆಪ್ಟೆಂಬರಿನಲ್ಲಿ ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಮತ್ತೆ ಕೆಳಗೆ ಹರಿಸಿ ವಿದ್ಯುತ್ ಉತ್ಪಾದಿಸುವ) ಯೋಜನೆಗೆ ಅಹವಾಲು ಸಭೆ ನಡೆದಾಗ ಅಷ್ಟೊಂದು ಜನ ಬಂದು ಆಕ್ಷೇಪ ದಾಖಲಿಸಿದ್ದನ್ನು ನೋಡಿದರೆ, ಜನರಿಗೆ ಆಸಕ್ತಿಯಿಲ್ಲವೆಂಬ ಅಧಿಕಾರಿಗಳ ಮಾತು ನಿಲ್ಲುವುದಿಲ್ಲ. ಆದರೆ ಎತ್ತಿದ ಒಂದೊಂದು ಆಕ್ಷೇಪಕ್ಕೂ ಏನು ಉತ್ತರ ಬಂತು ಎಂಬುದು ಆಕ್ಷೇಪಿಸಿದವನ ಮನೆ ಬಾಗಿಲಿಗೆ ತಲುಪಬೇಕಲ್ಲವೇ?

ಸರಿಯಾದ ಚರ್ಚೆ ನಮ್ಮಲ್ಲಿ ನಡೆದೇ ಇಲ್ಲವೆಂದಲ್ಲ. ಬೇಡ್ತಿ ಜಲವಿದ್ಯುತ್ ಯೋಜನೆಯ ಪ್ರಸ್ತಾವ ಬಂದಾಗ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ 1981ರ ಜನವರಿಯಲ್ಲಿ ವಿಚಾರ ಸಂಕಿರಣ ಏರ್ಪಡಿಸಿತು. ಅಡಿಕೆ ಮಾರುವ ಸಂಸ್ಥೆಯೊಂದು ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ, ಮುಳುಗಡೆಯಾಗುವ ತೋಟ, ಕಾಡು, ಕಾಳುಮೆಣಸುಗಳ ಬೆಲೆಯನ್ನು ಯೋಜನೆಯ ಲಾಭದ ಎದುರಿಗಿಟ್ಟು ಲೆಕ್ಕ ಹಾಕಿಸಿತು. ಘೋಷಣೆಗಿಂತ ಆ ಲೆಕ್ಕಕ್ಕೆ ತೂಕ ಬಂತು, ಯೋಜನೆ ಕೈಬಿಡಬೇಕಾಯಿತು. ಅದಾದ ಎರಡೇ ವರ್ಷಕ್ಕೆ, 1983ರ ಸೆಪ್ಟೆಂಬರಿನಲ್ಲಿ, ಸಾಲ್ಕಣಿಯ ಜನ ಕಳಸೆ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತರು. ಆ ಕಾಡನ್ನು ಉಳಿಸಿದವರು ಈಗಿನ ಕರಡಿನ ಭಾಷೆಯಲ್ಲಿ ಹೇಳುವುದಾದರೆ ಸೂಕ್ಷ್ಮ ಪ್ರದೇಶದ ನಿವಾಸಿಗಳೇ. ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಗಣಿಗಾರಿಕೆಯ ಭಯದಿಂದ ಹಲವು ಗ್ರಾಮಸಭೆಗಳು ‘ನಮ್ಮ ಊರನ್ನು ಸೂಕ್ಷ್ಮ ಪ್ರದೇಶಕ್ಕೆ ಸೇರಿಸಿ’ ಎಂದು ತಾವಾಗಿಯೇ ಗಾಡ್ಗೀಳ್ ಸಮಿತಿಗೆ ಠರಾವು ಕೊಟ್ಟಿದ್ದವು. ವಿಷಯ ತಿಳಿದ ಜನ ಯಾವಾಗಲೂ ಬೇಡವೆಂದೇ ಹೇಳುತ್ತಾರೆಂಬ ಭಯ ಸರ್ಕಾರಕ್ಕಿದ್ದರೆ ಅದಕ್ಕೆ ಆಧಾರವಿಲ್ಲ.

ಮುಂದಿನ ಕರಡು ಬಂದೇ ಬರುತ್ತದೆ. ಆದ್ದರಿಂದ ರಾಜ್ಯ ಸರ್ಕಾರದ ಅರಣ್ಯ, ಕಂದಾಯ ಹಾಗೂ ಪಂಚಾಯತ್ ರಾಜ್ ಇಲಾಖೆಗಳಲ್ಲಿ ನನ್ನ ವಿನಂತಿ ಇಷ್ಟು. ಅಧಿಸೂಚನೆಯ ಪೂರ್ಣ ಪಾಠ ಕನ್ನಡದಲ್ಲಿ, ಸಾಧ್ಯವಿರುವ ಕಡೆ ತುಳು, ಕೊಂಕಣಿ, ಕೊಡವ ಭಾಷೆಗಳ ಧ್ವನಿಮುದ್ರಣದ ಜತೆಗೆ ಪ್ರತಿ ಪಂಚಾಯಿತಿಗೆ ತಲುಪಬೇಕು. ಗ್ರಾಮ ನಕ್ಷೆಯ ಮೇಲೆ ಸರ್ವೆ ನಂಬರುಗಳ ಸಮೇತ ಸೂಕ್ಷ್ಮ ಪ್ರದೇಶದ ಗಡಿಯನ್ನೂ ಭೂಕುಸಿತದ ಸಾಧ್ಯತೆಯಿರುವ ಇಳಿಜಾರುಗಳನ್ನೂ ಗುರುತಿಸಿ ತೂಗುಹಾಕಬೇಕು. ಮೊದಲು ಮಜರೆ ಮಟ್ಟದ ವಾರ್ಡ್ ಸಭೆ, ಅನಂತರ ಗ್ರಾಮಸಭೆ ನಡೆಯಬೇಕು, ಅದೂ ಅಡಿಕೆ ಕೊಯ್ಲು ಮತ್ತು ಕಾಫಿ ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು, ಅಂದರೆ ಮಾರ್ಚ್‌ನಿಂದ ಮೇ ತಿಂಗಳ ಒಳಗೆ. ಕೇಂದ್ರದ ಅರವತ್ತು ದಿನ ಯಾವಾಗ ಬಂದರೂ ರಾಜ್ಯ ತನ್ನ ಸಭೆಗಳನ್ನು ಮುಂಚಿತವಾಗಿ ಮಾಡಿಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಸಭೆಗೆ ಅರಣ್ಯಾಧಿಕಾರಿ, ಭೂಮಾಪಕ ಮತ್ತು ಒಬ್ಬ ಭೂವಿಜ್ಞಾನಿ ಹಾಜರಿರಲೇಬೇಕು. ಠರಾವನ್ನು ಮೊದಲೇ ಬರೆದು ತರಬಾರದು. ಪರ ವಿರೋಧದ ಎಣಿಕೆಯ ಬದಲು ಯಾರು ಏನು ಕೇಳಿದರು, ಏನು ಉತ್ತರ ಸಿಕ್ಕಿತು, ಯಾವುದಕ್ಕೆ ಉತ್ತರವಿಲ್ಲ ಎಂಬುದನ್ನು ನಡಾವಳಿಯಲ್ಲಿ ಬರೆಯಬೇಕು. ಬಗರ್‌ಹುಕುಂ ಹಾಗೂ ಅರಣ್ಯ ಹಕ್ಕಿನ ಬಾಕಿ ಅರ್ಜಿಗಳಿಗೆ ಪಟ್ಟಿಯಲ್ಲಿರುವ 1,576 ಗ್ರಾಮಗಳಲ್ಲಿ ಮೊದಲ ಆದ್ಯತೆ ಕೊಟ್ಟು ಇತ್ಯರ್ಥ ಮಾಡಿದರೆ, ಈ ಸಭೆಗಳ ಸ್ವರೂಪವೇ ಬದಲಾಗುತ್ತದೆ.

ನಮ್ಮ ಶಾಸಕರೂ ಸಂಸದರೂ ವಿಧಾನಸಭೆಯಲ್ಲಿ ಮತ್ತು ಲೋಕಸಭೆಯಲ್ಲಿ ವರದಿಯನ್ನು ವಿರೋಧಿಸಿ ಮಾತನಾಡುವುದು ಅವರ ಹಕ್ಕು. ಮಾತನಾಡುವ ಮೊದಲು ತಮ್ಮ ಕ್ಷೇತ್ರದ ಒಂದೊಂದು ಪಂಚಾಯಿತಿಯಲ್ಲಿಯೂ ಕರಡಿನ ಕಲಮುಗಳನ್ನು ಜನರೆದುರು ಓದಿಸಬೇಕು.

ತಮ್ಮ ಪತ್ರಿಕೆಯಲ್ಲೂ ಒಂದು ಬೇಡಿಕೆ ಇದೆ. ಜಿಲ್ಲಾ ಆವೃತ್ತಿಗಳಲ್ಲಿ ಆಯಾ ತಾಲ್ಲೂಕಿನ ಗ್ರಾಮಗಳ ಪಟ್ಟಿಯನ್ನು ಕನ್ನಡದ ಸರಿಯಾದ ಊರ ಹೆಸರುಗಳೊಂದಿಗೆ, ಕರಡಿನ ನಿಷೇಧ ಮತ್ತು ವಿನಾಯಿತಿಗಳ ಯಥಾವತ್ ಅನುವಾದದೊಂದಿಗೆ ಕಂತುಗಳಲ್ಲಿ ಪ್ರಕಟಿಸಬೇಕು. ಓದುಗರು ಕಳಿಸುವ ಪ್ರಶ್ನೆಗಳಿಗೆ ಅರಣ್ಯ ಮತ್ತು ಕಂದಾಯ ಅಧಿಕಾರಿಗಳಿಂದ ಬರಹದಲ್ಲಿ ಉತ್ತರ ಪಡೆದು ಅಲ್ಲಿಯೇ ಅಚ್ಚು ಮಾಡಬೇಕು. ಸೊಪ್ಪಿನಬೆಟ್ಟದ ಅಗಳ ತೆಗೆಸಬಹುದೇ ಎಂಬುದು ಆ ಅಂಕಣದ ಮೊದಲ ಪ್ರಶ್ನೆಯಾಗಲಿ, ಅದನ್ನು ಈ ಪತ್ರದ ಮೂಲಕವೇ ಕಳಿಸುತ್ತಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ
ಶಿರಸಿ ತಾಲ್ಲೂಕು, ಉತ್ತರ ಕನ್ನಡ